ಮುಚ್ಚಿದ ಮುದ್ದೆ, ತುಂಬಿದ ಬೋಗುಣಿ

ಜುರೇಮಾಳನ್ನು ಅವರು ನನ್ನ ಔಷಧದಂಗಡಿಯ ಮುಂದೆಯೇ ಎಳೆದುಕೊಂಡು ಹೋದರು. ಬೆಳಗಿನ ಹೊತ್ತು, ದೋಣಿಕಟ್ಟೆಯ ಮೀನಿನ ಸಂತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಬ್ಬರು ಪೇದೆಗಳು ಆ ಹುಡುಗಿಯ ರಟ್ಟೆ ಹಿಡಿದಿದ್ದರು. ಚಪ್ಪಲಿ ಮೆಟ್ಟಿಕೊಳ್ಳಲೂ ಬಿಟ್ಟಿರಲಿಲ್ಲ. ಹಿಂದೆ ಠಾಣೆಯ ಅಧಿಕಾರಿ ಬೆಲ್ಮಿರೊ ಹೊಟ್ಟೆ ಮುಂದೆ ಮಾಡಿಕೊಂಡು ಬರುತ್ತಿದ್ದ. ಬೀಜದೆಣ್ಣೆ ತೆಗೆಯುವವರ ಸಂಘದ ಹೆಂಗಸರೆಲ್ಲ ಅಲ್ಲೇ ಇದ್ದರು. ಒಬ್ಬಳಾದರೂ ಬಾಯಿ ಬಿಡಬೇಕಲ್ಲ? ಎಲ್ಲರೂ ಮೀನಿನ ಕಿವಿರು ಬಿಡಿಸಿ ನೋಡುವುದರಲ್ಲಿ ಮುಳುಗಿಹೋಗಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಕಿತೇರಿಯಕ್ಕಾ! ನಾನ್ಯಾಕೆ ದೊಡ್ಡಮ್ಮನ್ನ ಕೊಲ್ಲಲಿ? ಸಂಜೆ ಅವಳ ಮಣ್ಣಿದೆ ಅಕ್ಕ, ನಾನಿಲ್ದೆ ಹೂಳಿಬಿಡ್ತಾರೆ!" ಎಂದು ಜುರೇಮಾ ಕೂಗಿದಳು.

ನಾನು ಅಡ್ಡ ನಿಂತೆ. "ಬೆಲ್ಮಿರೊ, ನಿನಗೇನಾದ್ರೂ ಬುದ್ಧಿ ಇದೆಯೇನಯ್ಯ? ತಾಯಿ ಸತ್ತ ಮೇಲೆ ಅವಳನ್ನ ಸಾಕಿದ್ದೇ ಇದಾಲಿನಮ್ಮ. ಮಣ್ಣು ಹಾಕೋಕೆ ಈ ಹುಡುಗಿ ಬಿಟ್ರೆ ಇನ್ಯಾರಿದಾರೆ?"

"ಕೊಂದವಳ ಕೈಯಲ್ಲೇ ಮಣ್ಣು ಹಾಕಿಸ್ಬೇಕಾ? ಮಧ್ಯಾಹ್ನದ ಉಬ್ಬರಕ್ಕೆ ಬೆಲೆಂ ಪಟ್ಟಣದ ಜೈಲಿಗೆ ದೋಣಿ ಹೊರಡುತ್ತೆ, ಇವಳು ಅದರಲ್ಲಿರ್ತಾಳೆ. ನೀವು ಹೋಗಿ ಕೆಮ್ಮಿನ ಔಷಧಿ ಮಾರಿ, ಅಮ್ಮ."

ನಾನು ಅಂಗಡಿಯ ಬಾಗಿಲನ್ನೂ ಎಳೆಯದೆ ಮಹಡಿ ಹತ್ತಿದೆ. ಅಲ್ಲಿ ನನ್ನ ಬಾಡಿಗೆದಾರಳು ಲಿಯೊಕಾದಿಯಾ ಅಸಾಯಿ ಹಣ್ಣಿನ ಗಂಜಿಗೆ ಸಕ್ಕರೆ ಕಲಸಿಕೊಂಡು ತಿನ್ನುತ್ತಿದ್ದಳು. ನಮ್ಮ ಪಾರಾ ಸೀಮೆಯಲ್ಲಿ ಅಸಾಯಿಗೆ ಸಕ್ಕರೆ ಹಾಕುವವರನ್ನು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಅವಳು ಒಣಸೀಮೆ ಸಿಯಾರಾದವಳು, ಹೇಳಿ ಪ್ರಯೋಜನವಿಲ್ಲ. ಅಲ್ಲಿನ ಪೊಲೀಸ್ ಇಲಾಖೆಯಲ್ಲಿ ಕೊಲೆ ಮೊಕದ್ದಮೆಗಳ ಪತ್ತೆ ಮಾಡಿ ಮಾಡಿ ಕೂದಲು ಬೆಳ್ಳಗಾದ ಮೇಲೆ, ನೀರು ಕಾಣುವ ಊರಿನಲ್ಲಿ ಸಾಯಬೇಕೆಂದು ನಮ್ಮ ನದಿಯೂರು ಸಾಂತಾ ಕ್ಲಾರಾಗೆ ಬಂದಿದ್ದಳು. ಬಂದ ಮೇಲೆ ಸಾಯುವುದು ಮರೆತು, ಊರಿನ ಕಳ್ಳರ ನಿದ್ದೆ ಕೆಡಿಸುತ್ತಿದ್ದಳು.

"ಬೈಯೋದು ಆಮೇಲೆ ಬೈಯಿ. ಮೊದಲು ನಡೆದದ್ದು ಹೇಳು," ಎಂದಳು.

ಹೇಳಿದೆ. ಇದಾಲಿನಮ್ಮ ನಮ್ಮ ಕಡೆಯ ಅತಿ ಹೆಸರುವಾಸಿ ಎಣ್ಣೆ ತಾಯಿ. ಅಂಡಿರೋಬಾ ಮರದ ಬೀಜವನ್ನು ಬೇಯಿಸಿ, ವಾರಗಟ್ಟಲೆ ನೆರಳಲ್ಲಿಟ್ಟು, ತಿರುಳು ತೆಗೆದು ನಾದಿ ಮುದ್ದೆ ಕಟ್ಟಿ, ಇಳಿಜಾರಿನ ಹಲಗೆಯ ಮೇಲಿಡುವುದು. ದಿನವೂ ನಾದುತ್ತಿದ್ದರೆ ಕೆಲವು ದಿನದ ಮೇಲೆ ಅದು ಬೆವರಿ, ಎಣ್ಣೆ ಹಲಗೆಯಲ್ಲಿ ಕೊರೆದ ತೋಡಿನಲ್ಲಿ ಹರಿದು ಬೋಗುಣಿಗೆ ತೊಟ್ಟಿಕ್ಕುತ್ತದೆ. ಸೊಳ್ಳೆ ಕಡಿತಕ್ಕೆ, ಉಳುಕಿಗೆ, ಗಂಟಲ ನೋವಿಗೆ, ಮಕ್ಕಳ ನೆತ್ತಿಯ ಹುಣ್ಣಿಗೆ ನಮ್ಮಲ್ಲಿ ಅದೇ ಮದ್ದು. ಈಗೀಗ ದಕ್ಷಿಣದ ಸೋಪಿನವರೂ ಮುಲಾಮಿನವರೂ ಪೀಪಾಯಿಗಟ್ಟಲೆ ಕೇಳುತ್ತಿದ್ದಾರೆ.

ಹಿಂದಿನ ದಿನ ಬೆಳಗ್ಗೆ ಜುರೇಮಾ ಸಂತೆಗೆ ಹೋಗಿದ್ದಳು. ಮಧ್ಯಾಹ್ನ ಮನೆಗೆ ಬಂದಾಗ ಹಿತ್ತಲಿನ ಎಣ್ಣೆ ಗುಡಿಸಲಿನ ಬಾಗಿಲು ಮುಚ್ಚಿತ್ತು. ದೊಡ್ಡಮ್ಮ ಕೆಲಸದಲ್ಲಿರಬೇಕೆಂದು ಅವಳು ಕರೆಯಲಿಲ್ಲ. ಆ ಹೊತ್ತಿಗೆ ಸಂಘದ ಉಗ್ರಾಣದಲ್ಲಿ ಸಭೆ. ಬೆಲೆಂ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಿ ಡಾಕ್ಟರ್ ಒತೊನಿಯೆಲ್ ನಮ್ಮ ಕಾಡಿನ ಬೀಜದೆಣ್ಣೆಗಳಲ್ಲಿ ಯಾವ ಯಾವ ಆಮ್ಲವಿದೆ, ಯಾವುದು ಯಾವುದಕ್ಕೆ ಬಂದೀತು ಎಂದು ಸಂಜೆಯವರೆಗೆ ಕೊರೆದಿದ್ದ. ಇದಾಲಿನಮ್ಮ ಬರಲೇ ಇಲ್ಲ. ಸಂಘದ ಮೇಲ್ವಿಚಾರಕ ಜಿಲ್ದಾಸಿಯೊ, "ಪಾಪ, ಇನ್ನೂ ಗೇಯ್ತಿರ್ಬೇಕು, ಕರ್ಕೊಂಡು ಬರೋಣ," ಎಂದು ನಾಲ್ಕು ಹೆಂಗಸರ ಜೊತೆ ಹೋದ. ಗುಡಿಸಲಲ್ಲಿ ಅವಳ ಹೆಣ ಬಿದ್ದಿತ್ತು. ತಲೆಗೆ ಒನಕೆಯ ಏಟು.

"ಹುಡುಗಿಯ ಮೇಲೆ ಯಾಕೆ ಅನುಮಾನ?"

"ಬೋಗುಣಿ ತುಂಬಿತ್ತಂತೆ. ಅಷ್ಟು ಎಣ್ಣೆ ಇಳೀಬೇಕಾದ್ರೆ ಇದಾಲಿನಮ್ಮ ಮಧ್ಯಾಹ್ನ ದಾಟೋವರೆಗೂ ಬದುಕಿದ್ದು ಮುದ್ದೆ ನಾದಿರ್ಬೇಕು. ಮಧ್ಯಾಹ್ನ ಊರೆಲ್ಲ ಸಭೇಲಿತ್ತು, ಮನೇಲಿದ್ದವಳು ಜುರೇಮಾ ಒಬ್ಬಳೇ. ಅದ್ರ ಮೇಲೆ ಇವಳು ರಾತ್ರಿ ಪೇದೆಗಳ ಮುಂದೆ, 'ಇವತ್ತು ಎಣ್ಣೆ ಇಳಿಯೋ ಹಾಗೇ ಇರ್ಲಿಲ್ಲ, ನಾನು ಹೊರಡುವಾಗ ದೊಡ್ಡಮ್ಮ ಹಳೆ ಮುದ್ದೆ ಕೆರೆದು ಹಂದಿಗೆ ಹಾಕ್ತಿದ್ಳು' ಅಂದಳು. ತುಂಬಿದ ಬೋಗುಣಿ ಎದುರಿಗಿಟ್ಕೊಂಡು ಸುಳ್ಳು ಹೇಳ್ತಾಳೆ ಅಂತ ಬೆಲ್ಮಿರೊ ಹಾರಾಡಿದ."

"ಬೇರೇನಾದ್ರೂ ಅಂದಳಾ?"

"ಸಭೇಲಿ ಒಂದು ಮಾತು ಎಲ್ಲರ ಮುಂದೆ ಆಡೋದಿದೆ ಅಂತ ದೊಡ್ಡಮ್ಮ ಅಂದಿದ್ಳಂತೆ. ಏನು ಮಾತು ಅಂತ ಹೇಳಲಿಲ್ವಂತೆ."

ಲಿಯೊಕಾದಿಯಾ ಬಟ್ಟಲನ್ನು ಪಕ್ಕಕ್ಕಿಟ್ಟಳು. "ಹೆಣ ತೊಳೆದವರಲ್ಲಿ ನೀನೂ ಇದ್ದೆಯಲ್ಲ. ಬಟ್ಟೆ ತೊಡಿಸೋದು ಸಲೀಸಾಯ್ತಾ?"

"ಎಲ್ಲಿಯ ಸಲೀಸು! ಕೈ ಕಟ್ಟಿಗೆ ಆಗಿಬಿಟ್ಟಿತ್ತು. ರವಿಕೆಯ ತೋಳು ಕತ್ತರಿಸಿ ತೊಡಿಸಿದ್ವಿ. ಬೆಳಗ್ಗೇನೇ ಸತ್ತಿರ್ಬೇಕು ಅಂತ ಅಂದೆ. 'ನೀವೇನು ಡಾಕ್ಟ್ರಾ' ಅಂದ ಆ ಬೆಲ್ಮಿರೊ."

"ನಡಿ, ಉಬ್ಬರ ಏರೋಕೆ ಮುಂಚೆ ನೋಡೋಣ," ಎಂದು ಅವಳು ಚಪ್ಪಲಿ ಮೆಟ್ಟಿದಳು.

ಗುಡಿಸಲಿನ ಬಾಗಿಲಲ್ಲಿ ಒಬ್ಬ ಪೇದೆ ಕಾವಲಿದ್ದ. ಲಿಯೊಕಾದಿಯಾ ಏನೂ ಕೇಳದೆ ಒಳಗೆ ನಡೆದಳು, ಅವನು ಏನೂ ಹೇಳದೆ ಬಿಟ್ಟ. ಕೆಲವರ ನಡಿಗೆಯೇ ಹಾಗಿರುತ್ತದೆ. ನೆಲದ ಮೇಲೆ ರಕ್ತದ ಕಲೆ. ಗೋಡೆಗೊರಗಿದ ಇಳಿಜಾರು ಹಲಗೆಯ ಮೇಲೆ ಒಂದು ಬಿಳಿ ಬಟ್ಟೆ ಹೊದಿಸಿತ್ತು. ಬಟ್ಟೆಯ ಅಂಚಿನ ಕೆಳಗಿಂದ ಎಣ್ಣೆ ತುಂಬಿದ ಬೋಗುಣಿಯ ಬಾಯಿ ಇಣುಕುತ್ತಿತ್ತು. ಬೋಗುಣಿಯ ಎಡಗಡೆ ನೆಲದ ಮೇಲೆ ಎಣ್ಣೆ ಚೆಲ್ಲಿ ಅಂಗೈಯಗಲ ಹರಡಿತ್ತು.

ಲಿಯೊಕಾದಿಯಾ ಬಟ್ಟೆಗೆ ಕೈ ಹಾಕಿದಳು. ನಾನು ತಕ್ಷಣ ಮುಖ ತಿರುಗಿಸಿದೆ. ಬಾಗಿಲಲ್ಲಿದ್ದ ಪೇದೆಯೂ ಬೆನ್ನು ತಿರುಗಿಸಿ ಶಿಲುಬೆಯ ಗುರುತು ಹಾಕಿಕೊಂಡ.

"ಏನಾಯ್ತೇ ನಿಂಗೆ?"

"ಬೇರೆಯವರ ಕಣ್ಣು ಬಿದ್ರೆ ಮುದ್ದೆ ಬತ್ತಿ ಹೋಗುತ್ತೆ. ಎಣ್ಣೆ ನಿಂತುಬಿಡುತ್ತೆ. ಅದಕ್ಕೇ ಯಾರಾದ್ರೂ ಒಳಗೆ ಬಂದ್ರೆ ಎಣ್ಣೆ ತಾಯಿ ಬಟ್ಟೆ ಮುಚ್ಚಿಬಿಡ್ತಾಳೆ. ಮುದ್ದೆ ನಾದಿದ ಕೈಯವರು ಮಾತ್ರ ನೋಡ್ಬಹುದು. ಇಲ್ಲಿ ಅದು ಇದಾಲಿನಮ್ಮ, ಜುರೇಮಾ, ಇಬ್ಬರೇ."

"ಹಾಗಾದ್ರೆ ನಿನ್ನೆಯಿಂದ ಪೊಲೀಸರೂ ಈ ಬಟ್ಟೆ ಎತ್ತಿಲ್ಲ."

"ಬೆಲ್ಮಿರೊನ ಅಮ್ಮನೂ ಎಣ್ಣೆ ತೆಗೀತಿದ್ಳು. ಅವನು ಹೇಗೆ ಎತ್ತಿಯಾನು?"

"ಒಬ್ಬ ಹೆಂಗಸಿನ ಕುತ್ತಿಗೆಗೆ ಬಂದಿದೆ. ಮುದ್ದೆ ಬತ್ತಿದ್ರೆ ಬತ್ತಲಿ, ತಿರುಗಿ ನೋಡು," ಎಂದು ಅವಳು ಗದರಿದಳು.

ನೋಡಿದೆ. ಹಲಗೆಯ ಮೇಲೆ ಆಗಷ್ಟೇ ಕಟ್ಟಿದ ಮುದ್ದೆ. ನುಣ್ಣಗಿತ್ತು, ಒಂದು ಬಿರುಕಿಲ್ಲ, ಮೇಲೆ ಬೆರಳಿನ ಗುರುತುಗಳು ಹಾಗೇ ಇದ್ದವು. ಎಣ್ಣೆ ಹರಿಯುವ ತೋಡನ್ನು ತಿಕ್ಕಿ ತೊಳೆದು ಒಣಗಿಸಿತ್ತು. ಅದರಲ್ಲಿ ಒಂದು ತೊಟ್ಟೂ ಇರಲಿಲ್ಲ. ಕೆಳಗೆ ಬೋಗುಣಿ ಮಾತ್ರ ತುಂಬಿ ತುಳುಕುತ್ತಿತ್ತು.

"ಹಾಗಾದ್ರೆ ಜುರೇಮಾ ಹೇಳಿದ್ದೇ ನಿಜ! ಈ ಎಣ್ಣೆ ಯಾರೋ ತಂದು ಸುರಿದದ್ದು!" ಎಂದೆ. "ಆ ಹುಡುಗಿ ನಿನ್ನೆಯಿಂದ ಅದನ್ನೇ ಹೇಳ್ತಿದ್ದಾಳೆ. ಒಂದು ಬಟ್ಟೆ ಎತ್ತೋ ಯೋಗ್ಯತೆ ಇರ್ಲಿಲ್ವಲ್ಲ ಇವರಿಗೆ!"

"ಯೋಗ್ಯತೆ ಮಾತು ಇರಲಿ, ನಾಲಗೆ ಚಾಚು." ಅವಳು ಬೋಗುಣಿಯಲ್ಲಿ ಬೆರಳದ್ದಿ ತಾನೂ ನೆಕ್ಕಿ ನನಗೂ ಕೊಟ್ಟಳು.

ಅಂಡಿರೋಬಾ ಎಂದರೆ ನಾಲಗೆ ಮುರುಟಿಹೋಗುವ ಕಹಿ. ಇದರಲ್ಲಿ ಕಹಿ ಇತ್ತು, ಆದರೆ ಬಾಯಿ ತೊಳೆಯುವಷ್ಟು ಇರಲಿಲ್ಲ. ನೆಲದಲ್ಲಿ ಚೆಲ್ಲಿದ್ದ ಎಣ್ಣೆಯ ಸುತ್ತ ಇರುವೆಗಳೂ ಮುತ್ತಿದ್ದವು. ನಿಜವಾದ ಅಂಡಿರೋಬಾದ ಹತ್ತಿರ ಇರುವೆ ಸುಳಿದದ್ದನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ.

"ಇದು ಆ ಡಾಕ್ಟ್ರ ಕೆಲಸವೇ," ಎಂದೆ. "ಮುದ್ದೆ ತೋರಿಸಿ, ತೋರಿಸಿ ಅಂತ ಇದಾಲಿನಮ್ಮನ ಪ್ರಾಣ ತಿಂತಿದ್ದ. ಹೋದ ವಾರ ಪೊರಕೆ ತಗೊಂಡು ಓಡಿಸಿದ್ಳು. ನಿನ್ನೆ ಬೆಳಗ್ಗೆ ನೀರು ನಿಂತ ಕಾಡಲ್ಲಿ ತೇಲೋ ಬೀಜ ಆಯೋಕೆ ಒಬ್ಬನೇ ಹೋಗಿದ್ದನಂತೆ. ಯಾರು ನೋಡಿದಾರೆ? ಮಧ್ಯಾಹ್ನ ಮಾತ್ರ ಎಲ್ಲರ ಕಣ್ಮುಂದೆ ನಿಂತು ಭಾಷಣ ಬಿಗಿದ."

"ಭಾಷಣ ಕೇಳೋಕೆ ಮಧ್ಯಾಹ್ನವಿಡೀ ಎದುರಿಗೆ ಕೂತವರೂ ಇದ್ದರಲ್ಲ. ಅವರು ಬೆಳಗ್ಗೆ ಎಲ್ಲಿದ್ದರು?" ಎಂದಳು ಲಿಯೊಕಾದಿಯಾ. "ಮೀನಿನವರ ಹತ್ರ ಒಂದು ಬುಟ್ಟಿ ಮಂಜುಗಡ್ಡೆ ತರಿಸು. ನಿನ್ನ ಅಂಗಡೀಲಿರೋ ಇದಾಲಿನಮ್ಮನ ಎಣ್ಣೆ ಶೀಸೆಯನ್ನೂ ತಾ. ಡಾಕ್ಟ್ರು ತಾನೇ ತೆಗೆದ ಎಣ್ಣೆ ಸ್ವಲ್ಪ ಈಗಲೇ ಕಳಿಸಲಿ. ಎಲ್ಲರನ್ನೂ ಇಲ್ಲಿಗೇ ಕರೆಸು. ಜುರೇಮಾನೂ ಬರಬೇಕು, ಇಲ್ಲದಿದ್ರೆ ನಾನೇ ಬೆಲೆಂ ನ್ಯಾಯಾಧೀಶರಿಗೆ ಫೋನು ಮಾಡ್ತೀನಿ ಅಂತ ಆ ಹೊಟ್ಟೆ ಸಾಹೇಬರಿಗೆ ಹೇಳು."

ಬೆಲ್ಮಿರೊ ಗೊಣಗಿಕೊಂಡೇ ಬಂದ. ಕೋಳ ಹಾಕಿದ ಜುರೇಮಾ ಅವನ ಪಕ್ಕದಲ್ಲಿ ನಿಂತಳು. ಜಿಲ್ದಾಸಿಯೊ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದ. ಶವಪೆಟ್ಟಿಗೆಗೆ ಹೇಳಿದವನೂ ಅವನೇ, ಪಾದ್ರಿಯನ್ನು ಕರೆಸಿದವನೂ ಅವನೇ. ಊರಿಗೆ ಎಣ್ಣೆ ಒತ್ತುವ ಯಂತ್ರ ತಂದು ಸಂಘ ಕಟ್ಟಿದ ಪುಣ್ಯಾತ್ಮನೆಂದು ಎಲ್ಲರೂ ಅವನನ್ನು ಹೊಗಳುತ್ತಿದ್ದರು. ಶೀಸೆಯನ್ನು ಮೊದಲೇ ಕಳಿಸಿದ್ದ ಡಾಕ್ಟರ್ ಒತೊನಿಯೆಲ್ ಆಮೇಲೆ ಬಂದ. ಸಂಘದ ಹೆಂಗಸರು ಬಾಗಿಲಾಚೆ ಗುಂಪುಗೂಡಿದರು. ಆಗಲೇ ನದಿಯ ನೀರು ಏರುತ್ತಿತ್ತು.

"ಬೇಗ ಮುಗಿಸಿ, ಅಮ್ಮ. ದೋಣಿ ಕಾಯಲ್ಲ," ಎಂದ ಬೆಲ್ಮಿರೊ.

ಲಿಯೊಕಾದಿಯಾ ಹಲಗೆಯ ಬಟ್ಟೆಯನ್ನು ಸರಕ್ಕನೆ ಎಳೆದಳು. ಬೆಲ್ಮಿರೊ ಮುಖ ತಿರುಗಿಸಿದ. ಜಿಲ್ದಾಸಿಯೊ ಮುಖ ತಿರುಗಿಸಿದ. ಬಾಗಿಲಾಚೆಯ ಹೆಂಗಸರೆಲ್ಲ ಕಣ್ಣಿಗೆ ಕೈ ಅಡ್ಡ ಹಿಡಿದರು. ಡಾಕ್ಟರ್ ಒಬ್ಬ ಮಾತ್ರ, "ಅಯ್ಯೋ, ಕೊನೆಗೂ ಸಿಕ್ತಲ್ಲ!" ಎಂದು ಕನ್ನಡಕ ಸರಿಮಾಡಿಕೊಂಡು ಮುದ್ದೆಯ ಮೇಲೆ ಬಾಗಿದ. ಹೆಣ ಬಿದ್ದ ಜಾಗದಲ್ಲಿ ನಿಂತಿದ್ದೇನೆ ಎಂಬ ಪರಿವೆಯೂ ಆ ಮನುಷ್ಯನಿಗೆ ಇರಲಿಲ್ಲ.

"ಎಲ್ಲರೂ ಈ ಕಡೆ ನೋಡಿ," ಎಂದಳು ಲಿಯೊಕಾದಿಯಾ. "ಜುರೇಮಾ, ನೀನೇ ಹೇಳು. ಈ ಮುದ್ದೆಯಿಂದ ಎಣ್ಣೆ ಯಾವಾಗ ಇಳಿಯುತ್ತೆ?"

"ಇನ್ನೂ ಮೂರ್ನಾಲ್ಕು ದಿನ ನಾದ್ಬೇಕು," ಎಂದಳು ಜುರೇಮಾ. ಮುದ್ದೆಯ ಮೇಲಿನ ಬೆರಳ ಗುರುತಿನ ಕಡೆ ಕೋಳದ ಕೈ ಚಾಚಿದಳು. "ಹೊಸದು ಇದು. ದೊಡ್ಡಮ್ಮನೇ ಕಟ್ಟಿದ್ದು. ನಾನು ಹೇಳ್ಲಿಲ್ವಾ ನಿಮಗೆ? ಹೇಳ್ಲಿಲ್ವಾ?"

"ಹೇಳಿದ್ದೆ ತಾಯಿ. ಕೇಳೋಕೆ ಇವರಿಗೆ ಕಿವಿ ಇರ್ಲಿಲ್ಲ." ಲಿಯೊಕಾದಿಯಾ ಬೆಲ್ಮಿರೊನತ್ತ ತಿರುಗಿದಳು. "ತೋಡು ಒಣಗಿದೆ, ಬೋಗುಣಿ ತುಂಬಿದೆ. ಇದಾಲಿನಮ್ಮ ಬೆಳಗ್ಗೆ ಮುದ್ದೆ ಕಟ್ಟಿದ ಕೂಡಲೇ ಸತ್ತಿದ್ದಾಳೆ. ಅದಕ್ಕೇ ಸಂಜೆ ಕೈ ಮಡಚಲಿಲ್ಲ. ಆಗ ಜುರೇಮಾ ಸಂತೇಲಿದ್ದಳು, ಅರ್ಧ ಊರು ನೋಡಿದೆ. ಕೊಂದವನು ಎಣ್ಣೆ ಸುರಿದು ಸಾವನ್ನ ಮಧ್ಯಾಹ್ನಕ್ಕೆ ತಳ್ಳಿದ, ಯಾಕಂದ್ರೆ ಮಧ್ಯಾಹ್ನ ಅವನು ಎಲ್ಲರ ಕಣ್ಮುಂದೆ ಇರ್ತಿದ್ದ, ಹುಡುಗಿ ಒಬ್ಬಳೇ ಮನೇಲಿರ್ತಿದ್ದಳು. ಇನ್ನೊಂದು ಮಾತು. ಮುದ್ದೆಗೆ ಬಟ್ಟೆ ಮುಚ್ಚಿತ್ತು. ಜುರೇಮಾ ಬಂದ್ರೆ ಇದಾಲಿನಮ್ಮ ಬಟ್ಟೆ ಮುಚ್ಚೋ ಅಗತ್ಯವೇ ಇಲ್ಲ. ಬಂದವನು ಹೊರಗಿನ ಕಣ್ಣಿನವನು."

"ಹೊರಗಿನವನು ಅಂದ್ರೆ ಈ ಡಾಕ್ಟ್ರೇ!" ಎಂದು ಬಾಗಿಲಾಚೆಯಿಂದ ಒಬ್ಬಳು ಕೂಗಿದಳು. ಡಾಕ್ಟರ್ ಬೆಚ್ಚಿಬಿದ್ದು ನೆಟ್ಟಗಾದ.

"ನಾನೂ ಮೊದಲು ಹಾಗೇ ಯೋಚಿಸ್ದೆ," ಎಂದಳು ಲಿಯೊಕಾದಿಯಾ. "ಆದ್ರೆ ನೋಡಿ, ಈಗಷ್ಟೇ ಏನಾಯ್ತು? ಈ ಮನುಷ್ಯನಿಗೆ ಗುಡಿಸಲಲ್ಲಿ ಒಂದು ಕ್ಷಣ ಒಬ್ಬನೇ ಇರೋಕೆ ಸಿಕ್ಕಿದ್ರೆ ಮೊದಲು ಮಾಡ್ತಿದ್ದ ಕೆಲಸ ಬಟ್ಟೆ ಎತ್ತಿ ನೋಡೋದು. ನೋಡಿದವನಿಗೆ ಮುದ್ದೆ ಹೊಸದು, ತೋಡು ಒಣಗಿದೆ ಅಂತ ಗೊತ್ತಾಗ್ತಿತ್ತು. ಅಂಥ ಮುದ್ದೆ ಕೆಳಗೆ ಯಾವ ಮೂರ್ಖ ಎಣ್ಣೆ ಸುರೀತಾನೆ? ಸುರಿದವನು ನೋಡಿಲ್ಲ. ಮುಖ ತಿರುಗಿಸಿಕೊಂಡೇ ಸುರಿದಿದ್ದಾನೆ. ಅದಕ್ಕೇ ಎಡಗಡೆ ಇಷ್ಟು ಚೆಲ್ಲಿದೆ. ಒನಕೆ ಎತ್ತೋಕೆ ಅಂಜದ ಕೈ, ಬಟ್ಟೆ ಎತ್ತೋಕೆ ಅಂಜಿತು. ಅವನು ಇಲ್ಲೇ ಹುಟ್ಟಿ, ಎಣ್ಣೆ ತಾಯಿಯ ಮಡಿಲಲ್ಲಿ ಬೆಳೆದವನು."

ಲಿಯೊಕಾದಿಯಾ ಮಂಜುಗಡ್ಡೆಯ ಬುಟ್ಟಿಯನ್ನು ಮುಂದಕ್ಕೆ ಎಳೆದಳು. ಎಲ್ಲರೂ ಬರುವ ಮುಂಚೆಯೇ ಅದರಲ್ಲಿ ಎಣ್ಣೆಯ ಮೂರು ಗಾಜಿನ ಲೋಟ ಹೂತಿಟ್ಟಿದ್ದಳು. ಒಂದೊಂದಾಗಿ ಎತ್ತಿ ಬೋರಲು ಹಾಕಿದಳು. ನನ್ನ ಅಂಗಡಿಯ ಶೀಸೆಯಿಂದ ಬಗ್ಗಿಸಿದ್ದ ಇದಾಲಿನಮ್ಮನ ಎಣ್ಣೆ ಹಂದಿಯ ಕೊಬ್ಬಿನ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿ ಲೋಟಕ್ಕೆ ಅಂಟಿತ್ತು. ಡಾಕ್ಟರ್ ತೆಗೆದ ಎಣ್ಣೆಯೂ ಹಾಗೇ. ಬೋಗುಣಿಯ ಎಣ್ಣೆ ಮಾತ್ರ ಸೊಳಕ್ಕನೆ ನೆಲಕ್ಕೆ ಸುರಿಯಿತು.

"ಡಾಕ್ಟ್ರೇ, ಯಾಕೆ ಹೀಗೆ? ನಿನ್ನೆ ಸಂಜೆವರೆಗೆ ಹೇಳಿದ್ದನ್ನ ಎರಡೇ ಮಾತಲ್ಲಿ ಹೇಳಿ."

"ಅಂಡಿರೋಬಾ ಎಣ್ಣೇಲಿ ಕಾಲುಭಾಗಕ್ಕಿಂತ ಹೆಚ್ಚು ಪಾಲ್ಮಿಟಿಕ್ ಆಮ್ಲ ಇರುತ್ತೆ. ತಂಪು ತಾಗಿದ್ರೆ ಗಟ್ಟಿಯಾಗುತ್ತೆ," ಎಂದ ಡಾಕ್ಟರ್. ಬೋಗುಣಿಯ ಎಣ್ಣೆ ನೆಕ್ಕಿ ಮುಖ ಗಂಟಿಕ್ಕಿದ. "ಕಹಿ ತರೋ ಲಿಮೊನಾಯ್ಡುಗಳೂ ಇದರಲ್ಲಿ ಕಮ್ಮಿ. ಕ್ರಿಮಿ ಓಡಿಸೋದು ಅವೇ. ಯಾರೋ ಸೋಯಾ ಎಣ್ಣೆ ಬೆರೆಸಿದ್ದಾರೆ. ಅರ್ಧಕ್ಕರ್ಧ ಬೆರೆಸಿರ್ಬೇಕು!"

"ಬೆರಕೆ ಎಣ್ಣೆ ಈ ಮನೇಲಿ ಹುಟ್ಟಲ್ಲ, ಡಾಕ್ಟ್ರ ಶೀಸೇಲೂ ಇಲ್ಲ," ಎಂದಳು ಲಿಯೊಕಾದಿಯಾ. "ಬೆಲ್ಮಿರೊ, ಸಂಘದ ಉಗ್ರಾಣದಲ್ಲಿ ದಕ್ಷಿಣಕ್ಕೆ ಹೋಗೋ ಪೀಪಾಯಿಗಳಿವೆ. ಅದರಿಂದ ನಾಲ್ಕನೇ ಲೋಟ ತುಂಬಿಸಿಕೊಂಡು ಬನ್ನಿ. ಬೀಗದ ಕೈ ಜಿಲ್ದಾಸಿಯೊ ಹತ್ರ ಮಾತ್ರ ಇದೆ."

ಜಿಲ್ದಾಸಿಯೊನ ಕೈ ಜೇಬಿನ ಮೇಲೆ ಬಿತ್ತು, ಅಲ್ಲೇ ನಿಂತಿತು. "ಇದೇನಮ್ಮ ಹುಚ್ಚು! ಪೀಪಾಯಿಗೆ ಮುದ್ರೆ ಹಾಕಿಯಾಗಿದೆ. ಒಡೆದ್ರೆ ಸಂಘ ಹಾಳಾಗುತ್ತೆ. ಈ ಹೆಂಗಸರ ಹೊಟ್ಟೆ ಮೇಲೆ ಹೊಡೀಬೇಡಿ!"

"ಅವರ ಹೊಟ್ಟೆ ಮೇಲೆ ಹೊಡೆದವನು ನೀನು," ಎಂದಳು ಲಿಯೊಕಾದಿಯಾ. "ಇದಾಲಿನಮ್ಮ ನಿನ್ನ ಪೀಪಾಯಿಗೆ ಬೆರಳದ್ದಿ ನೆಕ್ಕಿದ್ದಳು. ಸಭೇಲಿ ಆಡಬೇಕಾಗಿದ್ದ ಮಾತು ಅದೇ. ಬೆಳಗ್ಗೆ ಡಬ್ಬದಲ್ಲಿ ಎಣ್ಣೆ ಹಿಡಿದು ಅವಳನ್ನ ಒಪ್ಪಿಸೋಕೆ ಬಂದೆ. ಒಪ್ಪಲಿಲ್ಲ. ಒನಕೆ ಎತ್ತಿದೆ. ಆಮೇಲೆ ಅದೇ ಡಬ್ಬವನ್ನ ಬೋಗುಣಿಗೆ ಬಗ್ಗಿಸಿದೆ. ಸುಳ್ಳಾದ್ರೆ ಬೀಗದ ಕೈ ಕೊಡು. ಅದೂ ಬೇಡ, ಈ ಮುದ್ದೆ ಕಡೆ ಒಂದು ಸಲ ತಿರುಗಿ ನೋಡು ಸಾಕು."

ಅವನು ಅಷ್ಟು ಹೊತ್ತೂ ಗೋಡೆಯ ಕಡೆಗೇ ಮುಖ ಮಾಡಿ ನಿಂತಿದ್ದ. ಅದು ಆಗ ಎಲ್ಲರ ಗಮನಕ್ಕೆ ಬಂತು.

ನನಗೆ ತಡೆಯಲಾಗಲಿಲ್ಲ. "ಲೋ ಪಾಪಿ! ಕೂಸುಗಳ ನೆತ್ತಿಗೆ ಹಚ್ಚೋ ಎಣ್ಣೆಗೆ ಬೆರಕೆ ಹಾಕ್ದೆ! ಇದಾಲಿನಮ್ಮನ್ನ ಕೊಂದು ಅವಳಿಗೇ ಪೆಟ್ಟಿಗೆ ತಂದ್ಯಲ್ಲೋ, ಕಪ್ಪು ಪಟ್ಟಿ ಬೇರೆ ಕಟ್ಕೊಂಡ್ಯಲ್ಲೋ!" ಎಂದು ಅವನ ತೋಳಿನ ಪಟ್ಟಿಯನ್ನು ಕಿತ್ತು ಎಸೆದೆ.

"ಎಲ್ಲರೂ ಬೆರೆಸ್ತಾರೆ," ಎಂದು ಜಿಲ್ದಾಸಿಯೊ ಗೋಡೆಗೇ ಹೇಳಿದ. "ಸೋಪಿನವರಿಗೆ ವ್ಯತ್ಯಾಸ ಗೊತ್ತಾಗಲ್ಲ. ಆ ಮುದುಕಿಗೆ ಎಷ್ಟು ಹೇಳ್ದೆ. ಕೈ ಮುಗಿದೆ. ಎಣ್ಣೆ ತಾಯಿಯಾಗಿದ್ದ ನನ್ನಮ್ಮನ ಹೆಸರೆತ್ತಿ ಮುಖಕ್ಕೆ ಉಗಿದಳು." ಬೆಲ್ಮಿರೊ ಜುರೇಮಾಳ ಕೋಳ ಬಿಚ್ಚಿ ಅವನ ಕೈಗೆ ಹಾಕಿದ. ಮಧ್ಯಾಹ್ನದ ಉಬ್ಬರಕ್ಕೆ ದೋಣಿ ಹೊರಟಿತು, ಅದರಲ್ಲಿ ಅವನಿದ್ದ.

ಸಂಜೆ ಸ್ಮಶಾನಕ್ಕೆ ಇಡೀ ಊರು ಬಂತು. ಪೆಟ್ಟಿಗೆಗೆ ಮುಚ್ಚಳ ಹಾಕಿತ್ತು. ಗಾಯ ಘೋರವಾಗಿದೆ, ನೋಡುವುದು ಬೇಡವೆಂದು ಬೆಲ್ಮಿರೊ ಮೊದಲೇ ಮೊಳೆ ಹೊಡೆಸಿದ್ದ. ಸಂಘದ ಹೆಂಗಸರು ಹೂವು ಹಿಡಿದು ಜುರೇಮಾಳನ್ನು ಸುತ್ತುವರಿದರು. "ನಮಗೆ ಮೊದಲೇ ಗೊತ್ತಿತ್ತು ಕಣೇ, ನೀನು ಅಂಥವಳಲ್ಲ ಅಂತ," ಎಂದು ಒಬ್ಬಳು ಅವಳ ತಲೆ ಸವರಲು ಹೋದಳು.

ಜುರೇಮಾ ಆ ಕೈಯನ್ನು ತಳ್ಳಿದಳು. ಗುಂಡಿ ತೋಡುವವನ ಹತ್ತಿರವಿದ್ದ ಸಲಾಕೆ ತೆಗೆದುಕೊಂಡು, ಯಾರಾದರೂ ತಡೆಯುವ ಮೊದಲೇ ಮೊಳೆಗಳನ್ನು ಮೀಟಿ ಮುಚ್ಚಳ ಎತ್ತಿದಳು. ಪಾದ್ರಿ ಎರಡು ಹೆಜ್ಜೆ ಹಿಂದೆ ಸರಿದರು.

"ಗೊತ್ತಿತ್ತಾ? ಗೊತ್ತಿದ್ದೂ ಮೀನು ಆರಿಸ್ತಿದ್ರಾ?" ಎಂದಳು. ದನಿ ಏರಿಸಲಿಲ್ಲ. "ಹೂವು ಅಲ್ಲಿಡಿ. ಒಬ್ಬೊಬ್ಬರಾಗಿ ಇಲ್ಲಿಗೆ ಬನ್ನಿ. ಇವಳ ತಲೆ ನೋಡಿ. ಯಾರೂ ಮುಖ ತಿರುಗಿಸೋ ಹಾಗಿಲ್ಲ. ಎಲ್ಲರೂ ನೋಡಿದ ಮೇಲೆ ಮಣ್ಣು ಹಾಕ್ತೀನಿ."

ಬೆಲ್ಮಿರೊ ಟೋಪಿ ತೆಗೆದು ಮೊದಲು ಮುಂದೆ ಬಂದ. ಅವನ ಹಿಂದೆ ಹೆಂಗಸರು ಸಾಲು ನಿಂತರು. ಪೆಟ್ಟಿಗೆಯ ತಲೆಯ ಕಡೆ ನಿಂತ ಜುರೇಮಾ ಬಂದವರ ಕಣ್ಣುಗಳನ್ನೇ ನೋಡುತ್ತಿದ್ದಳು. ಕಣ್ಣು ತಗ್ಗಿಸಿದವರನ್ನು ಸಾಲಿನ ಕೊನೆಗೆ ವಾಪಸ್ಸು ಕಳಿಸಿದಳು.